ಗೀಸರ್ ಸೈದಪ್ಪನ ಮೂಗು

ಆಳಂದದ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನಮ್ಮ ಅಂಗಡಿ. ಬೋರ್ಡಿನ ಮೇಲೆ ‘ಸೈದಪ್ಪ ಗ್ಯಾಸ್ ಗೀಸರ್, ಒಲೆ ರಿಪೇರಿ’ ಎಂದಿದೆ. ಸೈದಪ್ಪ ನನ್ನ ಗಂಡ. ಬೋರ್ಡಿನಲ್ಲಿ ನನ್ನ ಹೆಸರಿಲ್ಲ, ಆದರೆ ಯಾವ ಊರಿಂದ ಫೋನ್ ಬಂದರೂ ಮೋಟರ್‌ಸೈಕಲ್ಲಿನ ಹಿಂದಿನ ಸೀಟಿನಲ್ಲಿ ನಾನು ಇರಲೇಬೇಕಿತ್ತು. ಎದುರಿನ ಬಳೆ ಅಂಗಡಿಯ ವಜೀರುನ್ನಿಸಾ ಆಪಾ ನಮ್ಮನ್ನು ನೋಡಿ ಒಂದು ಮಾತು ಚುಚ್ಚದೆ ಬಿಡುತ್ತಿರಲಿಲ್ಲ.

“ಏನ್ ಶಿವಕಾಂತಾ, ಈ ವಯಸ್ಸಿನ್ಯಾಗ ಗಂಡನ್ನ ಒಂದ್ ತಾಸು ಬಿಟ್ಟಿರಾಕ ಆಗಲ್ಲೇನು ನಿನಗ?”

“ಬಿಟ್ರ ಓಡಿ ಹೋಗ್ತಾರ ಆಪಾ,” ಅನ್ನುತ್ತಿದ್ದೆ. ಆಕೆ ನಗುತ್ತಿದ್ದಳು, ನಾನೂ ನಗುತ್ತಿದ್ದೆ, ಒಳಗೆ ಮೈ ಉರಿಯುತ್ತಿತ್ತು. ನಿಜ ಹೇಳುವಂತಿರಲಿಲ್ಲವಲ್ಲ.

ನಿಜ ಏನೆಂದರೆ ಇವರ ಮೂಗು ಸತ್ತಿತ್ತು. ಕೊರೊನಾ ಎರಡನೆಯ ಸಲ ಬಂದ ಬೇಸಿಗೆಯಲ್ಲಿ ಜ್ವರ ಹಿಡಿದು ಮಲಗಿದರು. ಎದ್ದರು, ಕೆಮ್ಮು ಹೋಯಿತು, ಬಾಯಿರುಚಿ ಅರ್ಧಮರ್ಧ ಬಂತು. ವಾಸನೆ ಮಾತ್ರ ಬರಲಿಲ್ಲ. ಊರಿನಲ್ಲಿ ಎಲ್ಲರಿಗೂ ವಾಪಸ್ ಬಂತು, ನನ್ನ ಗಂಡನೊಬ್ಬರಿಗೆ ಬರಲಿಲ್ಲ. ಕಲಬುರಗಿಯ ಡಾಕ್ಟರರು ಕಾಯಿರಿ ಅಂದರು, ಕಾದೆವು. ಗ್ಯಾಸಿನ ಕೆಲಸ ಮಾಡುವವನಿಗೆ ಗ್ಯಾಸಿನ ವಾಸನೆಯೇ ತಿಳಿಯುವುದಿಲ್ಲ ಎಂದು ಗೊತ್ತಾದರೆ ಯಾವ ಹೆಣ್ಣುಮಗಳು ಮನೆಯೊಳಗೆ ಬಿಟ್ಟುಕೊಳ್ಳುತ್ತಾಳೆ? ಈ ಕೆಲಸ ಬಿಟ್ಟರೆ ಇವರಿಗೆ ಬೇರೆ ಬಾರದು, ಬೇರೆಯದರಲ್ಲಿ ಮನಸ್ಸೂ ನಿಲ್ಲದು. ಹಾಗಾಗಿ ಇವರ ಮೂಗಾಗಿ ನಾನು ಹೊರಟೆ.

ನಮ್ಮಿಬ್ಬರ ನಡುವೆ ಒಂದು ಸನ್ನೆ ಇತ್ತು. ಹೋದ ಮನೆಯಲ್ಲಿ ನಾನು ಮನೆಯಾಕೆಯ ಜೊತೆ ಅದೂ ಇದೂ ಮಾತಾಡುತ್ತ ಸಿಲಿಂಡರಿನ ಹತ್ತಿರ, ಪೈಪಿನ ಹತ್ತಿರ, ಗೀಸರಿನ ಕೆಳಗೆ ಸುಳಿದಾಡುತ್ತಿದ್ದೆ. ಗ್ಯಾಸು ಸೋರುವ ವಾಸನೆ ಇದ್ದರೆ ಸೆರಗನ್ನು ಮೂಗಿಗೆ ಹಿಡಿಯುವುದು, ಏನೂ ಇಲ್ಲದಿದ್ದರೆ ಕೈಬಳೆ ಸರಿಮಾಡಿಕೊಳ್ಳುವುದು. ಇವರು ಓರೆಗಣ್ಣಿನಲ್ಲಿ ನೋಡಿಕೊಂಡು ಕೆಲಸಕ್ಕೆ ಕೈ ಹಾಕುತ್ತಿದ್ದರು. ಆಮೇಲೆ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುವುದು ಇದ್ದೇ ಇತ್ತು. ನೊರೆಯೇ ಎಲ್ಲ ಹೇಳುತ್ತದಲ್ಲ, ನನ್ನನ್ನು ಯಾಕೆ ಚಳಿಯಲ್ಲಿ ಎಳೆದುಕೊಂಡು ತಿರುಗುತ್ತೀರಿ ಎಂದು ಒಂದು ಸಲ ಜಗಳವಾಡಿದ್ದೆ.

“ನೊರಿ ಹಚ್ಚಿದ ಜಾಗಾ ಅಷ್ಟೇ ಹೇಳ್ತದ,” ಅಂದರು ಇವರು. “ನೀ ಇಡೀ ಮನಿ ಹೇಳ್ತಿ.”

ಇಂಥ ಮಾತಾಡಿ ನನ್ನ ಬಾಯಿ ಮುಚ್ಚಿಸುವುದು ಇವರಿಗೆ ಮೊದಲಿಂದ ಗೊತ್ತು. ಮನುಷ್ಯ ಕನಸುಗಾರ. ರಿಪೇರಿಯಾದ ಗೀಸರ್ ಹಚ್ಚಿ ಅದರ ಚಿಕ್ಕ ಗಾಜಿನ ಕಿಂಡಿಯಲ್ಲಿ ನೀಲಿ ಉರಿ ನೋಡುತ್ತ ನಿಂತುಬಿಡುತ್ತಾರೆ. ಮನೆಯವರು, ಪಾಪ, ಇನ್ನೂ ಏನೋ ದೋಷ ಹುಡುಕುತ್ತಿದ್ದಾರೆ ಎಂದುಕೊಂಡು ಚಹಾ ತಂದಿಡುತ್ತಾರೆ. ದೋಷವೂ ಇಲ್ಲ, ಏನೂ ಇಲ್ಲ. ಸುಮ್ಮನೆ ನೋಡುತ್ತಿರುತ್ತಾರೆ ಅಷ್ಟೆ.

ಗೀಸರಿನ ಒಳಗಿನ ತಾಮ್ರದ ಸುರುಳಿ ಬಿಚ್ಚಿದರಂತೂ ಮುಗಿಯಿತು. ನಮ್ಮ ಕಡೆಯದು ಸವಳು ನೀರು. ಕಾದು ಕಾದು ಸುರುಳಿಯೊಳಗೆ ಬಿಳಿ ಪದರು ಕಟ್ಟುತ್ತದೆ, ನೀರು ಸಣ್ಣಗಾಗುತ್ತದೆ, ಬಿಸಿ ಏರುವುದಿಲ್ಲ. ಆ ಪದರನ್ನು ಉಗುರಿನಲ್ಲಿ ಕೆರೆದು ಬೆಳಕಿಗೆ ಹಿಡಿದು, ಇದು ಬೋರಿನ ನೀರು, ಇದು ಬಾವಿಯದು, ಇದು ಸೊನ್ನದ ಬ್ಯಾರೇಜಿನ ಕಡೆಯ ಹೊಳೆ ನೀರು ಎಂದು ನನಗೆ ತೋರಿಸುತ್ತಾರೆ. ನನಗೆ ಎಲ್ಲವೂ ಸುಣ್ಣದಂತೆಯೇ ಕಾಣುತ್ತದೆ. “ನೆಲದಾಗ ಎಷ್ಟ್ ದೂರ ನಡಕೋತ ಬಂದದ ನೋಡು ಇದು,” ಅನ್ನುತ್ತಾರೆ. ನಾನು ಹೂಂ ಅನ್ನುತ್ತೇನೆ.

ಫೋನಿನಲ್ಲಿಯೇ ಅರ್ಧ ಕೆಲಸ ಮುಗಿಸುವುದೂ ಉಂಟು. ಅದು ನನಗೀಗ ಬಾಯಿಪಾಠ. “ನಳ ತಿರುವಿದ್ರ ಟಕ್ ಟಕ್ ಅಂತದೇನ್ರಿ? ಅನ್ನಲ್ಲಾ? ಸೆಲ್ ಬದಲ್ ಮಾಡ್ರಿ. ಟಾರ್ಚಿನ್ಯಾಗ ಸತ್ತ ಸೆಲ್ ತಂದು ಇದ್ರಾಗ ಹಾಕಬ್ಯಾಡ್ರಿ. ಟಕ್ ಅಂತದ, ಖರೆ ಹತ್ತಲ್ಲಾ? ನೀರು ಜೋರು ಬರ್ತದೇನು ನೋಡ್ರಿ, ನೀರು ದೂಡಿದ್ರೇ ಅದು ಗ್ಯಾಸ್ ಬಿಡ್ತದ. ಹತ್ತಿ ಅರ್ಧಕ್ಕ ಆರ್ತದಾ? ಸಿಲಿಂಡರ್ ಮುಗೀಲಾಕ ಬಂದಿರಬೇಕು, ಇಲ್ಲಾ ನೀರು ಬರೋ ಕಡಿ ಜಾಳಿಗಿ ಕಸ ಹಿಡಿದಿರಬೇಕು.” ಇಷ್ಟೆಲ್ಲ ಆದಮೇಲೆ ಕೊನೆಗೊಂದು ಮಾತು ಎಲ್ಲರಿಗೂ: “ಉರಿ ಯಾವ ಬಣ್ಣ ಅದ ನೋಡ್ರಿ. ನೀಲಿ ಇರಬೇಕು. ಹಳದಿ ಬಂತಂದ್ರ ಅದಕ್ಕ ಗಾಳಿ ಸಾಲವಲ್ದು ಅಂತ ತಿಳೀರಿ. ಉಸಿರು ಕಟ್ಟಿ ಉರೀಲಾಕತ್ತದ. ಆರಿಸಿ ಹೊರಗ ಬರ್ರಿ.”

ಚಳಿಗಾಲದ ನಸುಕು ನಮ್ಮ ಸುಗ್ಗಿ. ಎದ್ದು ಬಿಸಿನೀರು ಬಾರದಿದ್ದಾಗಲೇ ಜನರಿಗೆ ಸೈದಪ್ಪ ನೆನಪಾಗುವುದು. ಅಫಜಲಪುರದ ದಾರಿಯಲ್ಲಿ ಕಬ್ಬಿನ ಗದ್ದೆಗಳು ಮಂಜಿನೊಳಗೆ ಅರ್ಧ ಮುಳುಗಿರುತ್ತಿದ್ದವು. ಜೇವರ್ಗಿ ಕಡೆ ಹೋದರೆ ಕರಿಮಣ್ಣಿನ ಹೊಲಗಳ ಮೇಲೆ ಬೆಳಕು ನಿಧಾನಕ್ಕೆ ಹರಡುತ್ತಿತ್ತು, ಯಾರೋ ನಿದ್ದೆಗಣ್ಣಿನಲ್ಲಿ ಕಂಬಳಿ ಹೊದಿಸಿದ ಹಾಗೆ. ನಾನು ಶಾಲು ಕಿವಿಗೆ ಬಿಗಿದು ಇವರ ಬೆನ್ನಿಗೆ ಒರಗಿ ಕೂತಿರುತ್ತಿದ್ದೆ. ಅರ್ಧ ನಿದ್ದೆ, ಅರ್ಧ ಎಚ್ಚರ. ಆಗ ಮುಂದಿನಿಂದ ಪ್ರಶ್ನೆ ಬರುತ್ತಿತ್ತು.

“ಈಗ ಯಾವ ವಾಸನಿ ಬರಾಕತ್ತದ?”

“ಬೆಲ್ಲ ಕುದಿಯೋದು.”

“ಈಗ?”

“ಎಮ್ಮಿ. ಇನ್ನೇನು ಅತ್ತರಾ?”

ನಗುತ್ತಿದ್ದರು. ಬೆಲ್ಲ, ಎಮ್ಮೆ, ಹೊಳೆಯ ಕೆಸರು, ಇವೆಲ್ಲ ಹೆಸರು ಹೇಳಿದರೆ ಸಾಕಿತ್ತು, ಇವರಿಗೆ ನೆನಪಾಗುತ್ತಿತ್ತು. ಸೀತನಿಯದೊಂದು ನೆನಪಾಗುತ್ತಿರಲಿಲ್ಲ. ಹಸಿ ಜೋಳದ ತೆನೆಯನ್ನು ಹೊಲದಲ್ಲೇ ಕೆಂಡಕ್ಕೆ ಹಾಕಿ, ಸುಟ್ಟು, ಉಜ್ಜಿ, ಬಿಸಿಬಿಸಿ ಕಾಳು ತಿನ್ನುವುದೇ ಸೀತನಿ. ಮದುವೆಯಾದ ಮೊದಲ ಚಳಿಗಾಲ ನನ್ನ ತವರು ನರೋಣಾದ ಹೊಲದಲ್ಲಿ ತಿಂದಿದ್ದೆವು. ಅಂದು ಇವರು ಅಂಗೈ ಮೂಸಿ ಮೂಸಿ ನೋಡಿಕೊಂಡಿದ್ದು ನನಗೀಗಲೂ ಕಣ್ಣಿಗೆ ಕಟ್ಟಿದಂತಿದೆ. ಮೂಗು ಹೋದಮೇಲೆ ಪ್ರತಿ ವರ್ಷ ಕೇಳುತ್ತಿದ್ದರು, ಆ ವಾಸನೆ ಹೆಂಗಿರ್ತದ ಹೇಳು ಎಂದು. ಸುಟ್ಟಂಗ ಅಂದರೆ ಅಲ್ಲ ಅನ್ನುತ್ತಿದ್ದರು, ಸಿಹಿ ಅಂದರೆ ಅಲ್ಲ ಅನ್ನುತ್ತಿದ್ದರು. “ವಾಸನಿಗಿ ಮಾತು ನಾ ಎಲ್ಲಿಂದ ತರ್ಲಿ?” ಎಂದು ರೇಗಿಬಿಡುತ್ತಿದ್ದೆ. ರೇಗಿದ ಮೇಲೆ ಸಂಕಟವಾಗುತ್ತಿತ್ತು.

ಈ ಸಲದ ಚಳಿಯಲ್ಲಿ ಮಟಕಿಯಿಂದ ಫೋನ್ ಬಂತು. ನಿಂಬೆವ್ವ ಎಂಬ ಹಿರಿಯಳ ಮನೆ. ಮಗಳು ಭುವನೇಶ್ವರಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಗೀಸರ್ ಹತ್ತುತ್ತದೆ, ಜಳಕದ ನಡುವೆ ಆರುತ್ತದೆ, ಬಾಣಂತಿಗೆ ನೀರು ಸಾಲುತ್ತಿಲ್ಲ ಎಂಬುದು ದೂರು. ನಾವು ಹೋದಾಗ ಹುಡುಗಿ ತಲೆಗೆ ಬಟ್ಟೆ ಬಿಗಿದುಕೊಂಡು, ಕಿವಿಗೆ ಹತ್ತಿ ಇಟ್ಟುಕೊಂಡು ಹೊರಸಿನ ಮೇಲೆ ಕೂತಿದ್ದಳು. ಮುಖ ಬಿಳುಚಿಕೊಂಡಿತ್ತು. ಜಳಕಕ್ಕೆ ಹೋದಾಗೆಲ್ಲ ತಲೆ ತಿರುಗುತ್ತದೆ, ಮೊನ್ನೆ ಬಚ್ಚಲಲ್ಲೇ ಕುಸಿದಿದ್ದಳು ಎಂದು ನಿಂಬೆವ್ವ ನನ್ನ ಕಿವಿಯಲ್ಲಿ ಹೇಳಿದಳು. ದೃಷ್ಟಿ ತೆಗೆಸಿದ್ದಾಯಿತಂತೆ, ಅಂಟಿನುಂಡೆ ಜಾಸ್ತಿ ತಿನ್ನಿಸಿದ್ದಾಯಿತಂತೆ.

ಬಚ್ಚಲಿಗೆ ಗಂಡಸು ಕಾಲಿಡುವುದು ಆಕೆಗೆ ಒಪ್ಪಿಗೆಯಿರಲಿಲ್ಲ. ಬಾಣಂತಿಯ ಜಳಕ ಮುಗಿದ ಮೇಲೆ ಬೇಕಾದರೆ ಹೋಗಲಿ ಅಂದಳು.

“ಹೊರಗಿಂದು ಮದಲ ನೋಡ್ತೇನ್ರಿ ಯವ್ವಾ,” ಅಂದರು ಇವರು. “ಮ್ಯಾಲಿನ ಟಾಕಿ ನೋಡಿ ಬರ್ತೇನಿ. ನಾ ಇಳಿಯೂ ತನಕಾ ಹಚ್ಚಬ್ಯಾಡ್ರಿ.”

ನಾನು ಒಳಗೆ ಹೋದೆ, ನನ್ನ ಕೆಲಸವೇ ಅದು. ಬಚ್ಚಲು ಸಣ್ಣದು. ಗೋಡೆಗೆ ಗೀಸರ್, ಸಿಲಿಂಡರ್ ಗೋಡೆಯಾಚೆ ಹಿತ್ತಲಲ್ಲಿ. ಮೇಲಿನ ಬೆಳಕಿಂಡಿಗೆ ಹಳೆಯ ಕೌದಿಯೊಂದನ್ನು ಬಿಗಿಯಾಗಿ ತುರುಕಿದ್ದರು, ಬಾಣಂತಿಗೆ ಗಾಳಿ ತಾಗಬಾರದಲ್ಲ. ಅದರಲ್ಲಿ ನನಗೆ ಹೊಸದೇನೂ ಕಾಣಲಿಲ್ಲ. ನನ್ನ ಬಾಣಂತನದಲ್ಲಿ ನನ್ನವ್ವನೂ ಹೀಗೆಯೇ ಮಾಡಿದ್ದಳು, ಆದರೆ ಆಗ ನೀರು ಕಾಯುತ್ತಿದ್ದುದು ಹಿತ್ತಲಿನ ಒಲೆಯಲ್ಲಿ. ಮೂಸಿ ನೋಡಿದೆ. ಲೋಬಾನದ ಹೊಗೆ, ಅಜವಾನ, ಎಣ್ಣೆ. ಗ್ಯಾಸಿನ ವಾಸನೆ ಒಂದಿಷ್ಟೂ ಇರಲಿಲ್ಲ. ಹೊರಗೆ ಬಂದು, ಏಣಿ ಹತ್ತುತ್ತಿದ್ದ ಇವರಿಗೆ ಕಾಣುವಂತೆ ಬಳೆ ಸರಿಮಾಡಿಕೊಂಡೆ.

ಇವರು ಮಾಳಿಗೆ ಹತ್ತಿದ್ದೇ ತಡ, ನಿಂಬೆವ್ವನ ಅವಸರ ಶುರುವಾಯಿತು. ಕೂಸು ಈಗಷ್ಟೇ ಮಲಗಿದೆ, ಎದ್ದರೆ ಜಳಕ ಆಗುವುದಿಲ್ಲ. “ನೀ ನೋಡಿ ಬಂದಿಯಲ್ಲ ತಂಗಿ, ವಾಸನಿ ಇಲ್ಲಲ್ಲ? ಹಂಗಾದ್ರ ಏನಾಗ್ತದ? ಎರಡು ತಂಬಗಿ ನೀರು ಹಾಕಿ ಬೆನ್ನು ತಿಕ್ಕು, ನನ್ನ ರಟ್ಟಿ ಏಳವಲ್ದು.” ಮಾತಾಡುತ್ತಲೇ ನಳ ತಿರುವಿದಳು, ಗೀಸರ್ ಭಗ್ ಎಂದು ಹತ್ತಿತು. ಇವರು ಇಳಿಯಲಿ ಎಂದು ನಾನು ಅಂದೆ, ಅಷ್ಟರಲ್ಲಿ ಹುಡುಗಿ ಒಳಗೆ ಹೋಗಿ ಕೂತಾಗಿತ್ತು. ಬಾಣಂತಿಯನ್ನು ಒಬ್ಬಳನ್ನೇ ಬಿಡುವುದು ಹೇಗೆ? ನಾನೂ ಹೋದೆ. ಹೊರಗಿಂದ ನಿಂಬೆವ್ವ ಬಾಗಿಲು ಎಳೆದು, ಕೆಳಗಿನ ಸಂದಿಗೆ ಗೋಣಿಚೀಲ ಒತ್ತಿದ ಸದ್ದು ಕೇಳಿತು.

ಒಳಗೆ ಬೆಚ್ಚಗಿತ್ತು. ಹೊರಗಿನ ಚಳಿಯಿಂದ ಬಂದ ನನಗೆ ಆ ಬಿಸಿ ಎಷ್ಟು ಹಿತವಾಗಿತ್ತೆಂದರೆ ಕಣ್ಣು ತಾವೇ ಮುಚ್ಚಿಕೊಳ್ಳುತ್ತಿದ್ದವು. ನಾನು ನೀರು ಹಾಕುತ್ತಿದ್ದೆ, ಭುವನೇಶ್ವರಿ ಕೂಸಿನ ಮಾತು ಹೇಳುತ್ತಿದ್ದಳು. ಕೂಸಿನ ಕಾಲುಬೆರಳು ಅಪ್ಪನ ಹಾಗೆಯೇ ಇದೆಯಂತೆ. ಆಮೇಲೆ ಅದನ್ನೇ ಇನ್ನೊಮ್ಮೆ ಹೇಳಿದಳು. ಆಮೇಲೆ ಸುಮ್ಮನಾಗಿ ನನ್ನ ಮೊಣಕಾಲಿಗೆ ತಲೆ ಇಟ್ಟಳು. ಹಾಡಬೇಕು ಅನಿಸಿತು ನನಗೆ. ಆವಿಯ ನಡುವೆ ಗೀಸರಿನ ಕಿಂಡಿಯಲ್ಲಿ ಉರಿ ಅರಿಶಿಣದ ಬಣ್ಣದಲ್ಲಿ ತೂಗಾಡುತ್ತಿತ್ತು. ಎಷ್ಟು ಚಂದ ಇದೆಯಲ್ಲ ಅಂದುಕೊಂಡೆ. ದಿನಾ ಗಂಡನ ಬಾಯಲ್ಲಿ ಹಳದಿ ಹಳದಿ ಎಂದು ಕೇಳಿದವಳು ನಾನು, ಆ ಹೊತ್ತಿಗೆ ಒಂದು ಮಾತೂ ನೆನಪಿಗೆ ಬರಲಿಲ್ಲ. ನರೋಣಾದ ಹೊಲ ಕಂಡಿತು. ಕೆಂಡದ ಸುತ್ತ ನಾವು ಕೂತಿದ್ದೆವು, ಇವರು ಅಂಗೈ ಮೂಸುತ್ತಿದ್ದರು. ವಾಸನೆ ಬಂತೇನ್ರಿ ಎಂದು ಕೇಳಿದೆ. ತಂಬಿಗೆ ಕೈಯಿಂದ ಜಾರಿದ್ದು ತಿಳಿಯಿತು, ಬಗ್ಗಿ ಎತ್ತಿಕೊಳ್ಳಲು ಮನಸ್ಸಾಗಲಿಲ್ಲ.

ಮೇಲೆ ಏನಾಯಿತೆಂದು ಆಮೇಲೆ ಇವರೇ ಹೇಳಿದರು. ಟಾಕಿಯಿಂದ ಇಳಿಯುವ ಪೈಪಿಗೆ ಕೈ ಇಟ್ಟಾಗ ಅದು ಸಣ್ಣಗೆ ನಡುಗುತ್ತಿತ್ತಂತೆ. ನೀರು ಹೋಗುತ್ತಿದೆ, ಅಂದರೆ ಗೀಸರ್ ಹಚ್ಚಿದ್ದಾರೆ. ಮಾಳಿಗೆಯ ಅಂಚಿಗೆ ಬಂದು ಹಿತ್ತಲ ಗೋಡೆ ನೋಡಿದರಂತೆ. ಅಂಥ ಚಳಿಯಲ್ಲಿ ಬಿಸಿನೀರಿನ ಜಳಕ ನಡೆದರೆ ಬೆಳಕಿಂಡಿಯಿಂದ ಹೊಗೆಯ ಹಾಗೆ ಆವಿ ಹೊರಡಬೇಕು. ಒಂದು ಎಳೆಯೂ ಇಲ್ಲ. ಕೌದಿಯ ತುದಿ ಮಾತ್ರ ಹೊರಗೆ ಇಣುಕಿತ್ತು. ಕೂಗಿದರೆ ಕೂಸಿನ ತೊಟ್ಟಿಲ ಹತ್ತಿರವಿದ್ದ ನಿಂಬೆವ್ವನಿಗೆ ಕೇಳಿಸಲಿಲ್ಲ. ಏಣಿ ಇಳಿದು ಸಿಲಿಂಡರ್ ಬಂದ್ ಮಾಡಿ, ಏಣಿಯನ್ನು ಅತ್ತ ಸರಿಸಿ ಮತ್ತೆ ಹತ್ತಿ, ಆ ಕೌದಿಯನ್ನು ಎಳೆದು ಬಿಸಾಕಿದರು.

ನನಗೆ ಗೊತ್ತಿರುವುದು ಇಷ್ಟೇ. ತಲೆಯ ಮೇಲೆ ಒಂದು ಚೌಕ ಆಕಾಶ ತೆರೆಯಿತು. ತಣ್ಣನೆಯ ಗಾಳಿ ನೀರಿನಂತೆ ಸುರಿಯಿತು. ಆ ಚೌಕದಲ್ಲಿ ಇವರ ಮುಖ ಇತ್ತು, ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ಉಸಿರು ಎಳೆದುಕೊಂಡೆ, ಎದೆ ನೋಯುವಷ್ಟು ಎಳೆದುಕೊಂಡೆ.

ಬಾಗಿಲು ತೆಗೆದು ನಮ್ಮಿಬ್ಬರನ್ನೂ ಅಂಗಳಕ್ಕೆ ತಂದು ಹಾಕಿದರು. ಭುವನೇಶ್ವರಿಗೆ ಅದೇ ಕೌದಿ ಹೊದಿಸಿದರು. ಸ್ವಲ್ಪ ಹೊತ್ತಿಗೆ ಆಕೆ ವಾಂತಿ ಮಾಡಿಕೊಂಡು ಕಣ್ಣು ಬಿಟ್ಟಳು. ಆಗ ಶುರುವಾಯಿತು ನಿಂಬೆವ್ವನ ಸಿಟ್ಟು. ನೆರೆಯವರೆಲ್ಲ ಗೋಡೆಗೆ ಒರಗಿ ನೋಡುತ್ತಿದ್ದರು.

“ಹಸಿ ಬಾಣಂತಿಗಿ ಗಾಳಿ ಬಿಟ್ಟಿಯಲ್ಲೋ ಸೈದಪ್ಪಾ! ಹೆಣ್ಮಕ್ಕಳ ಜಳಕದಾಗ ಮುಖ ಹಾಕಿದಿ. ಏನಾಗಿತ್ತು ಅಂಥಾದ್ದು? ಗ್ಯಾಸ್ ಸೋರಿದ್ರ ವಾಸನಿ ಬರಬೇಕಲ್ಲ? ನಿನ್ನ ಹೆಂಡ್ತೀನೇ ಮೂಸಿ ನೋಡ್ಯಾಳ, ಏನೂ ಇಲ್ಲ ಅಂದಾಳ.”

“ಇದು ಸೋರಿದ್ದಲ್ರಿ ಯವ್ವಾ. ಗಾಳಿ ಸಾಲದೆ ಉರಿದ್ರ ಒಂದು ವಿಷ ಹುಟ್ತದ. ಅದಕ್ಕ ವಾಸನಿ ಇಲ್ಲ. ದಿನಾ ಅದನ್ನೇ ಕುಡದು ನಿಮ್ಮ ಮಗಳ ತಲಿ ತಿರಗ್ತಿತ್ತು.”

“ವಾಸನಿ ಇಲ್ಲದ ಗ್ಯಾಸು! ನಂಬಂಗ ಹೇಳು,” ಅಂದಳು ನಿಂಬೆವ್ವ. “ನಾಳಿಗಿ ಮತ್ತ ಮುಚ್ಚೇ ಜಳಕ ಮಾಡಸ್ತೀನಿ. ನನ್ನ ಮೂಗು ನನಗ ಅದ.”

ಇವರು ಆಕೆಯನ್ನು ನೋಡಿದರು. ಆಮೇಲೆ ಕೌದಿಯೊಳಗಿನ ಹುಡುಗಿಯನ್ನು ನೋಡಿದರು. ಆಮೇಲೆ ನನ್ನನ್ನು. ಏನು ಹೇಳಲು ಹೊರಟಿದ್ದಾರೆಂದು ನನಗೆ ತಿಳಿದುಬಿಟ್ಟಿತು. ಬೇಡ ಎಂದು ತಲೆ ಅಲ್ಲಾಡಿಸಬೇಕೆಂದರೆ ತಲೆ ಒಡೆಯುವಷ್ಟು ನೋವು.

“ನನಗ ಮೂಗಿಲ್ರಿ ಯವ್ವಾ,” ಅಂದರು. “ಜಡ್ಡಿನ್ಯಾಗ ಹೋತು. ಹೂವು, ಹೆಣ ಯಾವುದೂ ತಿಳಿಯಲ್ಲ. ಇಕಿನ್ನ ಬೆನ್ನಿಗಿ ಕಟಗೊಂಡು ತಿರಗೂದು ಅದಕ್ಕೇ, ಇಕೀನೇ ನನ್ನ ಮೂಗು. ಮೂರು ತಾಲೂಕಿನ್ಯಾಗ ಯಾರಿಗೂ ಹೇಳಿಲ್ಲ. ಇಂಥಾ ಮೂಗು ಒಳಗ ಕುಂತಿತ್ತು, ಅದಕ್ಕೂ ತಿಳೀಲಿಲ್ಲ, ಸಾಯಾಕ ಹತ್ತಿತ್ತು. ನಾಳಿಗಿ ನಿಮ್ಮ ಮೂಗಿಗಿ ತಿಳೀತದೇನು?”

ಎಲ್ಲ ಹೋಯಿತು ಅನಿಸಿತು ನನಗೆ. ಚಳಿಯ ನಸುಕು, ಹಿಂದಿನ ಸೀಟು, ಬಳೆಯ ಸನ್ನೆ, ಎಲ್ಲವನ್ನೂ ಈ ಮನುಷ್ಯ ಒಂದು ಮಾತಿನಲ್ಲಿ ಮಟಕಿಯ ಅಂಗಳಕ್ಕೆ ಚೆಲ್ಲಿಬಿಟ್ಟರು. ಅಳು ಬಂತು, ಅಳುತ್ತಲೇ ಇವರ ಮೇಲೆ ಪ್ರೀತಿಯೂ ಉಕ್ಕಿತು. ನಿಂಬೆವ್ವ ಹೋಗಿ ಬಚ್ಚಲ ಬಾಗಿಲಿನ ಗೋಣಿಚೀಲ ಎತ್ತಿ ಹಿತ್ತಲಿಗೆ ಒಗೆದು, ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ನೆರೆಯವರ ಗಾಡಿಯಲ್ಲಿ ನಮ್ಮಿಬ್ಬರನ್ನೂ ಆಳಂದದ ದವಾಖಾನೆಗೆ ತಂದರು. ಮೂಗಿಗೆ ನಳಿಗೆ ಇಟ್ಟು ಉಸಿರು ಕೊಟ್ಟರು. ಸಂಜೆಗೆ ಕೂಸು ತಾಯಿಯ ಹಾಲು ಕುಡಿಯಿತೋ ಇಲ್ಲವೋ ಎಂದು ಡಾಕ್ಟರರಿಗಿಂತ ಹೆಚ್ಚು ಸಲ ಕೇಳಿದವರು ನನ್ನ ಗಂಡ.

ಸುದ್ದಿ ನಮಗಿಂತ ಮೊದಲು ಬಸ್‌ಸ್ಟ್ಯಾಂಡಿಗೆ ಬಂದಿತ್ತು. ವಜೀರುನ್ನಿಸಾ ಆಪಾ ಗಾಜಿನ ಬಳೆ ಹಿಡಿದುಕೊಂಡೇ ಓಡಿ ಬಂದು, “ಇಷ್ಟ್ ದಿನ ನಾ ಏನೇನೋ ಅಂದೆನಲ್ಲೇ ಬೇ, ಒಂದ್ ಮಾತು ಹೇಳಬಾರದೇನು?” ಎಂದು ನನ್ನ ಕೈ ಹಿಡಿದಳು. ಫೋನ್ ಬರುವುದು ನಿಂತಿತು. ಜೇವರ್ಗಿಯ ಲಾಡ್ಜಿನವರು ಬೇರೆಯವನನ್ನು ನೋಡಿಕೊಂಡರೆಂದು ಗೊತ್ತಾಯಿತು. ಇವರು ಅಂಗಡಿಯಲ್ಲಿ ಕೂತು ಹಳೆಯ ಸುರುಳಿಗಳ ಬಿಳಿ ಪದರು ಕೆರೆಯುತ್ತಿದ್ದರು. ನಾನು ಮಾತಿಗೆ ಮಾತು ರೇಗುತ್ತಿದ್ದೆ. ಇವರು ಬೇಜಾರು ಮಾಡಿಕೊಳ್ಳದೆ ಇರುವುದೇ ನನಗೆ ಇನ್ನಷ್ಟು ಸಿಟ್ಟು ತರಿಸುತ್ತಿತ್ತು.

ಒಂದು ದಿನ ಮಟಕಿಯ ಬಸ್ಸಿನಿಂದ ನಿಂಬೆವ್ವ ಇಳಿದಳು. ತಲೆಯ ಮೇಲೆ ಬಟ್ಟೆಯ ಗಂಟು. ಅಂಗಡಿಯ ಕಟ್ಟೆಯ ಮೇಲೆ ಕೂತು ನೀರು ಕೇಳಿ ಕುಡಿದಳು.

“ಗೀಸರ್ ಬಿಚ್ಚಿಸಿ ಇಟ್ಟೀನಿ,” ಅಂದಳು. “ಬಂದು ಹೊರಗಿನ ಗ್ವಾಡಿಗಿ ಹಾಕು. ನಮ್ಮ ಓಣ್ಯಾಗ ಇನ್ನೂ ಒಂದೆರಡು ಮನ್ಯಾಗ ಒಳಗೇ ಅವ, ಅವನ್ನೂ ನೋಡು. ಯಾರ ಕಡಿಂದ ಮಾಡಸೋದು ಅಂತ ಅವರು ಕೇಳಿದ್ರು. ಮೂಗಿಲ್ಲದಂವನ್ನೇ ಕರೀರಿ ಅಂದೆ.” ಗಂಟು ಬಿಚ್ಚಿದಳು. ಹಸಿ ಜೋಳದ ತೆನೆ. “ಭುವನೇಶ್ವರಿ ಕಳಸ್ಯಾಳ. ಗಾಳಿಗಿ ಕುಂದ್ರತಾಳ ಈಗ, ಏನೂ ಆಗಿಲ್ಲ.”

ಅಂದೇ ಸಂಜೆ ಹಿತ್ತಲಲ್ಲಿ ಕೆಂಡ ಮಾಡಿ ಸೀತನಿ ಸುಟ್ಟೆ. ಇವರು ಎದುರಿಗೆ ಕೂತು ಕೆಂಡ ನೋಡುತ್ತಿದ್ದರು. ತೆನೆ ಉಜ್ಜಿ ಹೊಟ್ಟು ಊದಿ ಬಿಸಿ ಕಾಳನ್ನು ಅಂಗೈಗೆ ಹಾಕಿದೆ. ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರು, ಕಣ್ಣು ತೆರೆದರು. ಏನೂ ಇಲ್ಲ ಎಂದು ಮುಖ ನೋಡಿಯೇ ತಿಳಿಯಿತು.

“ಹೆಂಗದ, ಹೇಳು,” ಅಂದರು.

ಈ ಸಲ ನನಗೆ ರೇಗಲಾಗಲಿಲ್ಲ.

“ಮಟಕ್ಯಾಗ ನೀವು ಕೌದಿ ಎಳದ್ರಲ್ಲ,” ಅಂದೆ. “ಆಗ ಒಳಗ ಒಂದ್ ಗಾಳಿ ಬಂತು ನೋಡ್ರಿ. ಹಂಗದ.”

ಇವರು ಕಾಳು ಬಾಯಿಗೆ ಹಾಕಿಕೊಳ್ಳಲಿಲ್ಲ. ಅಂಗೈ ಮತ್ತೆ ಮೂಗಿನ ಹತ್ತಿರ ತಂದು, ಕೆಂಡ ಬೂದಿಯಾಗುವವರೆಗೂ ಹಾಗೆಯೇ ಹಿಡಿದುಕೊಂಡು ಕೂತಿದ್ದರು.